ಗಂಗೊಳ್ಳಿಯ ಬೋಟುಗಳಿಗೆ ವೈರ್‌ಲೆಸ್ ಏಕೆ ಬೇಕು?
ಗಂಗೊಳ್ಳಿ, ಉಪ್ಪುಂದ, ಕೋಡಿಬೆಂಗ್ರೆಯ ಮೀನುಗಾರರು ತಲೆಮಾರುಗಳ ಕಾಲ ಗಾಳಿಯ ದಿಕ್ಕು, ನೀರಿನ ಬಣ್ಣ, ನಕ್ಷತ್ರಗಳನ್ನೇ ನಂಬಿ ಕಡಲಿಗಿಳಿದವರು. ದಡ ಕಣ್ಣಿಗೆ ಬೀಳುವಷ್ಟು ದೂರದಲ್ಲಿ ದೋಣಿ ಇದ್ದಾಗ ಅಷ್ಟು ಸಾಕಿತ್ತು. ಎಂಜಿನ್, ಮಂಜುಗಡ್ಡೆ ಬಂದು ಬೋಟುಗಳು ದಿನಗಟ್ಟಲೆ ಆಳಸಮುದ್ರದಲ್ಲಿ ಉಳಿಯತೊಡಗಿದ ಮೇಲೆ ಆ ಜ್ಞಾನವೊಂದೇ ಸಾಲದಾಯಿತು. ಆ ಕೊರತೆ ತುಂಬುವುದು ವೈರ್‌ಲೆಸ್ ಎನ್ನುವ ವಿಎಚ್‌ಎಫ್ ರೇಡಿಯೊ. ಅದರ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಆಪತ್ತಿನ ಕರೆಯ ಚಾನೆಲ್. ಗುಂಡಿ ಒತ್ತಿ ಕೂಗಿದರೆ ಸುತ್ತಲಿನ ಬೋಟುಗಳೆಲ್ಲ ಒಮ್ಮೆಗೇ ಕೇಳಿಸಿಕೊಳ್ಳುತ್ತವೆ. ಮೊಬೈಲಿಗೆ ಈ ಗುಣವಿಲ್ಲ.

ರೇಡಿಯೊದಲ್ಲಿ ಬಾಯಿಬಿಟ್ಟರೆ ಮೀನಿರುವ ಜಾಗ ಪಕ್ಕದವರಿಗೂ ತಿಳಿಯುತ್ತದೆಂಬ ಆಕ್ಷೇಪ ಸುಳ್ಳಲ್ಲ. ಆದರೆ ತಾನಿರುವ ಸ್ಥಳವನ್ನು ದಡಕ್ಕೆ ತಿಳಿಸಲು, ಹವಾಮಾನ ಕೇಳಲು ಬಲೆಯ ಗುಟ್ಟು ಬಿಡಬೇಕಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ವಿಎಚ್‌ಎಫ್ ಅಲೆ ದಿಗಂತದಾಚೆ ಹೆಚ್ಚು ದೂರ ಹೋಗದು. 2017ರ ಒಖಿ ಚಂಡಮಾರುತದಲ್ಲಿ ದೂರ ಸಾಗಿದ್ದ ಕೇರಳ, ತಮಿಳುನಾಡಿನ ಎಷ್ಟೋ ಬೋಟುಗಳಿಗೆ ಎಚ್ಚರಿಕೆ ಮುಟ್ಟಲಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಜನರೊಂದಿಗೆ ಸಂಪರ್ಕ ಕಡಿದುಕೊಂಡಿತು. ಅವಶೇಷ ಪತ್ತೆಯಾಗಿದ್ದು 2019ರ ಮೇಯಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ. ಎಂಥ ಯಾತನೆಯ ಕಾಯುವಿಕೆ ಅದು! ಹಾಗೆಂದು ರೇಡಿಯೊ ನಿಷ್ಪ್ರಯೋಜಕವಲ್ಲ. ಅದರ ಜೊತೆಗೆ ದಿಗಂತದಾಚೆಗೂ ಸಂದೇಶ ಮುಟ್ಟಿಸುವ ಇಸ್ರೋದ ಉಪಗ್ರಹ ಟ್ರಾನ್ಸ್‌ಪಾಂಡರ್ ಬೇಕು, ಪ್ರತಿ ಬಂದರಿನಲ್ಲೂ ರಾತ್ರಿಯಿಡೀ ಕೇಳಿ ಉತ್ತರಿಸುವವರು ಬೇಕು.