ತಲೆಗೆ ಯಂತ್ರ ಹಿಡಿದರೆ ಡ್ರಗ್ಸ್ ಚಟ ಮತ್ತೆ ಬರುವುದಿಲ್ಲವೇ?

ಮಲ್ಲೇಶ್ವರಂನ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಫಾರ್ವರ್ಡ್ ಕಳಿಸಿದ್ದಾರೆ. ತಲೆಗೆ ಯಂತ್ರ ಹಿಡಿದು ಹತ್ತು ದಿನ ಚಿಕಿತ್ಸೆ ಕೊಟ್ಟರೆ ಕೊಕೇನ್, ಎಂಡಿಎಂಎ ಚಟ ಮತ್ತೆ ತಲೆ ಎತ್ತುವುದೇ ಇಲ್ಲ, ಮಾತ್ರೆಯೂ ಬೇಡ ಎಂಬುದು ಅದರ ಸಾರ. ಅವರ ಮನೆಯಲ್ಲೊಬ್ಬರು ಎರಡು ಸಲ ಬಿಟ್ಟು, ಎರಡು ಸಲವೂ ಮತ್ತೆ ಶುರು ಮಾಡಿದ್ದಾರಂತೆ. ಚೀಟಿ ಹಣ ಎತ್ತಿ ಇದಕ್ಕೆ ಹಾಕಬಹುದೇ ಎಂದು ಕೇಳಿದ್ದಾರೆ.

ಯಂತ್ರ ನಿಜ. ಭರವಸೆಗೆ ಮಾತ್ರ ಆಧಾರವಿಲ್ಲ.

ಇದರ ಹೆಸರು ಟಿಎಂಎಸ್. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು ಮೊದಲು ತೋರಿಸಿದ್ದು. ತಲೆಯ ಮೇಲಿಟ್ಟ ತಂತಿಸುರುಳಿಯಲ್ಲಿ ಕ್ಷಣಮಾತ್ರ ಜೋರಾಗಿ ವಿದ್ಯುತ್ ಹರಿಸಿದಾಗ ಹುಟ್ಟುವ ಕಾಂತಕ್ಷೇತ್ರ, ಬುರುಡೆ ದಾಟಿ ಮೆದುಳಿನ ಹೊರಪದರದ ನರಕೋಶಗಳನ್ನು ಕೆಣಕುತ್ತದೆ. ಹಳೆಯ ಸಿನಿಮಾಗಳ ಕರೆಂಟ್ ಶಾಕ್ ಅಲ್ಲ ಇದು. ರೋಗಿ ಎಚ್ಚರವಾಗಿಯೇ ಕುರ್ಚಿಯಲ್ಲಿ ಕೂತಿರುತ್ತಾರೆ. ವ್ಯಸನದಲ್ಲಿ ಸಾಮಾನ್ಯವಾಗಿ ಗುರಿಯಿಡುವುದು ಹಣೆಯ ಹಿಂದಿನ ಭಾಗಕ್ಕೆ. ಬೇಕೆನಿಸಿದಾಗ ‘ಬೇಡ’ ಎಂದು ತಡೆಯುವ ಕೆಲಸದಲ್ಲಿ ಅದರ ಪಾಲು ದೊಡ್ಡದು.

ಅಮೆರಿಕದ ಎಫ್‌ಡಿಎ ಇದನ್ನು 2008ರಲ್ಲಿ ಖಿನ್ನತೆಗೆ, 2020ರಲ್ಲಿ ಸಿಗರೇಟು ಬಿಡಿಸಲು ಒಪ್ಪಿತು. ಫಾರ್ವರ್ಡ್‌ಗಳು ಇದನ್ನೇ ಡ್ರಗ್ಸ್‌ಗೂ ಎಳೆದು ತರುತ್ತವೆ. ಕೊಕೇನ್, ಮೆಥ್ ಚಟಕ್ಕೆ ಅಂಥ ಒಪ್ಪಿಗೆ ಸಿಕ್ಕಿಲ್ಲ.

2016ರಲ್ಲಿ ಇಟಲಿಯ ಪಡೋವಾದಿಂದ ಬಂದ 32 ಕೊಕೇನ್ ವ್ಯಸನಿಗಳ ಅಧ್ಯಯನ ದೊಡ್ಡ ಸುದ್ದಿಯಾಯಿತು. ಯಂತ್ರದ ಚಿಕಿತ್ಸೆ ಪಡೆದವರಲ್ಲಿ ತುಡಿತವೂ ಬಳಕೆಯೂ ತಗ್ಗಿದ್ದವು. ಆದರೆ ಹೋಲಿಕೆಗೆ ಇದ್ದ ಗುಂಪಿಗೆ ಸಿಕ್ಕಿದ್ದು ಮಾತ್ರೆ. ಯಾರಿಗೆ ಯಾವುದು ಎಂಬುದು ಎಲ್ಲರಿಗೂ ಗೊತ್ತಿತ್ತು. ಹೊಸ ಯಂತ್ರ, ದಿನಾ ಮಾತಾಡಿಸುವ ವೈದ್ಯರು, ವಾಸಿಯಾಗುತ್ತೇನೆಂಬ ನಂಬಿಕೆ, ಇವೂ ತುಡಿತ ತಗ್ಗಿಸುತ್ತವೆ. ಇದನ್ನು ಬೇರ್ಪಡಿಸಲು ಹುಸಿ ಚಿಕಿತ್ಸೆ ಬೇಕು: ಅದೇ ಕುರ್ಚಿ, ಅದೇ ಟಕ್‌ಟಕ್ ಸದ್ದು, ಮೆದುಳಿಗೆ ಮಾತ್ರ ಏನೂ ತಲುಪುವುದಿಲ್ಲ. ಹಾಗೆ ಮಾಡಿದ ಇಟಲಿಯದೇ ಪರೀಕ್ಷೆಯೊಂದು 2022ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರು ಸುಧಾರಿಸಿದ್ದರು. ನಿಜ ಚಿಕಿತ್ಸೆಗೂ ಹುಸಿಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇದು ಕೊನೆಯ ಮಾತಲ್ಲ. ಒಳ್ಳೆಯ ಫಲಿತಾಂಶ ಕೊಟ್ಟ ಸಣ್ಣ ಅಧ್ಯಯನಗಳೂ ಇವೆ, ಸಂಶೋಧನೆ ಮುಂದುವರಿದಿದೆ.

ಇನ್ನೊಂದು ವಿಷಯ. ಎಷ್ಟೋ ಅಧ್ಯಯನಗಳು ಅಳೆಯುವುದು ಕೆಲವೇ ವಾರಗಳ ತುಡಿತವನ್ನು. ಚಟ ಮರುಕಳಿಸುವುದು ಆರು ತಿಂಗಳ ನಂತರ, ಸಂಬಳದ ದಿನ, ಹಳೆಯ ಗೆಳೆಯನ ಫೋನ್ ಬಂದಾಗಲೂ ಆಗಬಹುದು.

ಅಪಾಯ ಕಡಿಮೆ, ಸೊನ್ನೆಯಲ್ಲ. ತಲೆನೋವು ಸಾಮಾನ್ಯ, ಅಪರೂಪಕ್ಕೆ ಫಿಟ್ಸ್ ಬರುತ್ತದೆ. ಕೊಕೇನ್ ತಾನೇ ಫಿಟ್ಸ್ ತರಬಲ್ಲದು, ಆದ್ದರಿಂದ ಬಳಕೆಯನ್ನು ವೈದ್ಯರಿಂದ ಮುಚ್ಚಿಡಬಾರದು. ತಲೆಯಲ್ಲಿ ಲೋಹ, ಕಿವಿಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ.

ಚೀಟಿ ಹಣದ ಪ್ರಶ್ನೆಗೆ ನಮ್ಮ ಉತ್ತರ: ಸದ್ಯಕ್ಕೆ ಬೇಡ. ಯಾರಾದರೂ ಇದನ್ನು ‘ಸಂಶೋಧನೆ’ ಎಂದು ಕರೆದು ಅದಕ್ಕೇ ದುಡ್ಡು ಕೇಳಿದರೆ ಅನುಮಾನಿಸಿ. ಸಂಶೋಧನೆಯ ಖರ್ಚನ್ನು ರೋಗಿಯ ಮೇಲೆ ಹಾಕಬಾರದೆಂದು ಐಸಿಎಂಆರ್ ನಿಯಮಗಳೇ ಹೇಳುತ್ತವೆ. ಈ ಚಟಗಳಿಗೆ ಈವರೆಗೆ ಹೆಚ್ಚು ಪುರಾವೆ ಇರುವುದು ಒಂದು ಸರಳ ವಿಧಾನಕ್ಕೆ: ಮೂತ್ರ ಪರೀಕ್ಷೆಯಲ್ಲಿ ಡ್ರಗ್ಸ್ ಕಾಣದಿದ್ದಾಗಲೆಲ್ಲ ಸಣ್ಣ ಬಹುಮಾನ, ಜೊತೆಗೆ ಆಪ್ತಸಮಾಲೋಚನೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಮೊದಲು ಫೋನಿನಲ್ಲಿ ಮಾತಾಡಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416. ಎರಡೂ ಉಚಿತ.