ಮಾನಸಿಕ ಆಸ್ಪತ್ರೆಗಳಲ್ಲಿ ದೀರ್ಘಾವಧಿ ವಾಸ: ದುಷ್ಪರಿಣಾಮಗಳು ಹಾಗೂ ಬಿಡುಗಡೆಯ ಹಕ್ಕು

ಚಿಕಿತ್ಸೆಯ ಅಗತ್ಯ ಮುಗಿದ ನಂತರವೂ ವರ್ಷಾನುಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿಯೇ ಉಳಿದಲ್ಲಿ, ಸದರಿ ವಾಸವೇ ವ್ಯಕ್ತಿಗೆ ಹಾನಿಯುಂಟುಮಾಡುತ್ತದೆ. ನಿರಾಸಕ್ತಿ, ಅತಿಯಾದ ವಿಧೇಯತೆ ಹಾಗೂ ಸ್ವಂತ ನಿರ್ಧಾರ ಕೈಗೊಳ್ಳಲಾಗದಿರುವುದು ಇದರ ಲಕ್ಷಣಗಳು. ಹೊರಜಗತ್ತಿನ ಸಂಪರ್ಕವಿಲ್ಲದಿರುವುದು, ಕೆಲಸವಿಲ್ಲದೆ ದಿನ ಕಳೆಯುವುದು, ಆಪ್ತರಿಂದ ದೂರವಾಗುವುದು ಇದಕ್ಕೆ ಕಾರಣಗಳೆಂದು ಮನೋವೈದ್ಯ ರಸೆಲ್ ಬಾರ್ಟನ್ ಅವರು 1959ರಲ್ಲಿಯೇ ವಿವರಿಸಿರುತ್ತಾರೆ. ಆದುದರಿಂದ ಇಂತಹ ಲಕ್ಷಣಗಳೆಲ್ಲವನ್ನೂ ಮೂಲ ಕಾಯಿಲೆಯದೆಂದೇ ಭಾವಿಸತಕ್ಕದ್ದಲ್ಲ.

ದಿನಾಂಕ 29.05.2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಮುಖ್ಯ ಉಪಬಂಧಗಳು ಈ ಕೆಳಕಂಡಂತಿವೆ:

1. ಕುಟುಂಬವಿಲ್ಲ, ಕುಟುಂಬದವರು ಒಪ್ಪುತ್ತಿಲ್ಲ ಅಥವಾ ವಸತಿಯಿಲ್ಲ ಎಂಬ ಕಾರಣಮಾತ್ರದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಮುಂದುವರಿಸುವಂತಿಲ್ಲ (ಪ್ರಕರಣ 19).

2. ಸ್ವಇಚ್ಛೆಯಿಂದ ದಾಖಲಾದ ವಯಸ್ಕರು ಕೋರಿದಲ್ಲಿ ಕೂಡಲೇ ಬಿಡುಗಡೆ ಮಾಡತಕ್ಕದ್ದು. ನಿರ್ದಿಷ್ಟ ಕಾರಣಗಳಿದ್ದಲ್ಲಿ ಮಾತ್ರ, ತಪಾಸಣೆಗಾಗಿ 24 ಗಂಟೆಗಳವರೆಗೆ ತಡೆಯಬಹುದು (ಪ್ರಕರಣ 88).

3. ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇರೆಗೆ ದಾಖಲಾದಲ್ಲಿ ಅವಧಿಯು 30 ದಿನಗಳನ್ನು ಮೀರುವಂತಿಲ್ಲ. ಮುಂದುವರಿಸಲು ಇಬ್ಬರು ಮನೋವೈದ್ಯರ ಪ್ರತ್ಯೇಕ ಪರೀಕ್ಷೆ ಹಾಗೂ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಯ ಅನುಮತಿ ಅಗತ್ಯ (ಪ್ರಕರಣ 89 ಮತ್ತು 90).

ಬಾಧಿತರು ಅಥವಾ ಅವರ ನಾಮನಿರ್ದೇಶಿತ ಪ್ರತಿನಿಧಿಯು ಸದರಿ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಇದಕ್ಕೆ ಯಾವುದೇ ಶುಲ್ಕವಿರುವುದಿಲ್ಲ. ಉಚಿತ ಕಾನೂನು ನೆರವು ಪಡೆಯುವ ಹಕ್ಕೂ ಇರುತ್ತದೆ. ದಾಖಲಾಗಿರುವವರನ್ನು ಕುಟುಂಬದವರು ಆಗಿಂದಾಗ್ಗೆ ಭೇಟಿಯಾಗುತ್ತಿದ್ದಲ್ಲಿ, ಅವರು ಮನೆಗೆ ಮರಳುವುದು ಸುಲಭವಾಗುತ್ತದೆ.