ತೋಳು: ರಚನೆ, ಪೆಟ್ಟು ಮತ್ತು ಚಿಕಿತ್ಸೆಯ ಚರಿತ್ರೆ

ಬೀಳುವ ಮನುಷ್ಯ ಮೊದಲು ಮುಂದೊಡ್ಡುವುದು ಕೈಯನ್ನು. ಬಚ್ಚಲಲ್ಲಿ ಜಾರಿದ ಅಜ್ಜಿ, ಸೈಕಲ್ಲಿನಿಂದ ಉರುಳಿದ ಹುಡುಗ, ಕಬಡ್ಡಿ ಅಂಕಣದಲ್ಲಿ ಎಳೆತಕ್ಕೆ ಸಿಕ್ಕ ಆಟಗಾರ, ಮೂವರೂ ಅಂಗೈ ಊರಿಯೇ ನೆಲ ಮುಟ್ಟುತ್ತಾರೆ. ಊರಿದ ಅಂಗೈಯಿಂದ ಮೇಲೇರುವ ಪೆಟ್ಟು ವಯಸ್ಸು ನೋಡಿಕೊಂಡು ಜಾಗ ಹುಡುಕುತ್ತದೆ. ಮಕ್ಕಳಲ್ಲಿ ಮೊಣಕೈಗಿಂತ ತುಸು ಮೇಲೆ ಮುರಿಯಬಹುದು. ಹರೆಯದವರಲ್ಲಿ ಮಣಿಕಟ್ಟಿನ ಪುಟ್ಟ ಮೂಳೆ ಬಿರಿಯುತ್ತದೆ ಅಥವಾ ಭುಜದ ಕೀಲು ತಪ್ಪುತ್ತದೆ. ವಯಸ್ಸಾದವರಲ್ಲಿ ಮುಂಗೈ ಮೂಳೆಯ ತುದಿ ಮುರಿಯುತ್ತದೆ. ಇವನ್ನು ಗುರುತಿಸಿ ಸರಿಪಡಿಸುವ ವಿದ್ಯೆಗೆ ಮೂರೂವರೆ ಸಾವಿರ ವರ್ಷಗಳಷ್ಟು ಹಳೆಯ ದಾಖಲೆಯಿದೆ. ಅಷ್ಟೂ ಕಾಲ ವೈದ್ಯರು ಬಗೆಬಗೆಯಾಗಿ ಜಗಳವಾಡಿದ ಪ್ರಶ್ನೆ ಒಂದೇ: ಎಷ್ಟು ದಿನ ಕಟ್ಟಿಡಬೇಕು, ಯಾವಾಗ ಆಡಿಸಬೇಕು?

ಒಂದೊಂದು ತೋಳಿನಲ್ಲಿ 32 ಮೂಳೆಗಳಿವೆ. ಕೊರಳೆಲುಬು, ಹೆಗಲ ಹಿಂದಿನ ಹಲಗೆ ಮೂಳೆ, ಮೇಲ್ತೋಳಿನ ಹ್ಯೂಮರಸ್, ಮುಂಗೈಯ ರೇಡಿಯಸ್ ಮತ್ತು ಅಲ್ನಾ, ಮಣಿಕಟ್ಟಿನ 8, ಅಂಗೈಯ 5, ಬೆರಳುಗಳ 14. ದೇಹದ 206 ಮೂಳೆಗಳಲ್ಲಿ ಎರಡೂ ತೋಳುಗಳ ಪಾಲೇ 64. ಇಷ್ಟು ದೊಡ್ಡ ಸಂಸಾರ ಮುಂಡಕ್ಕೆ ಮೂಳೆಯ ಮೂಲಕ ಸೇರುವುದು ಎದೆಯ ಮೇಲ್ತುದಿಯಲ್ಲಿ ಕೊರಳೆಲುಬು ಕೂಡುವ ಒಂದೇ ಒಂದು ಕೀಲಿನಲ್ಲಿ. ಮಿಕ್ಕ ಭಾರವನ್ನೆಲ್ಲ ಸ್ನಾಯುಗಳೇ ಹೊತ್ತಿವೆ. ಭುಜದ ಗುಂಡಿಯಂತೂ ಚಟ್ನಿ ತಟ್ಟೆಯ ಮೇಲೆ ನಿಂಬೆಹಣ್ಣು ಇಟ್ಟಷ್ಟು ಆಳವಿಲ್ಲದ್ದು. ತೋಳನ್ನು ಎಲ್ಲ ದಿಕ್ಕಿಗೂ ತಿರುಗಿಸಲು ಆಗುವುದು ಅದರಿಂದಲೇ, ದೊಡ್ಡ ಕೀಲುಗಳಲ್ಲೆಲ್ಲ ಅತಿ ಹೆಚ್ಚು ಸಲ ತಪ್ಪುವ ಕೀಲು ಅದಾಗಿರುವುದೂ ಅದರಿಂದಲೇ. ಕುತ್ತಿಗೆಯ ಬೆನ್ನುಹುರಿಯಿಂದ ಹೊರಟ ಐದು ನರಮೂಲಗಳು ಕಂಕುಳ ಮೇಲ್ಭಾಗದಲ್ಲಿ ಹೆಣೆದುಕೊಂಡು ಬೆರಳ ತುದಿಯವರೆಗೂ ಹೋಗುತ್ತವೆ. ಮೊಣಕೈಯ ಒಳಮಗ್ಗುಲು ಬಾಗಿಲಿಗೆ ತಗುಲಿದಾಗ ಕಿರುಬೆರಳವರೆಗೆ ಝುಮ್ಮೆನ್ನುವುದು ಅಲ್ಲಿ ಚರ್ಮದ ಕೆಳಗೇ ಹಾಯುವ ಅಲ್ನರ್ ನರದಿಂದ.

ತೋಳಿನ ಗಾಯಗಳ ಬಗ್ಗೆ ಉಳಿದಿರುವ ಅತಿ ಹಳೆಯ ಬರಹಗಳಲ್ಲೊಂದು ಈಜಿಪ್ಟಿನದು. ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ 1862ರಲ್ಲಿ ಲಕ್ಸಾರ್‌ನಲ್ಲಿ ಕೊಂಡ ಈ ಪಪೈರಸ್ ಸುರುಳಿ ಕ್ರಿ.ಪೂ. 1600ರ ಆಸುಪಾಸಿನದು, ಜೇಮ್ಸ್ ಬ್ರೆಸ್ಟೆಡ್ ಅದರ ಅನುವಾದವನ್ನು 1930ರಲ್ಲಿ ಪ್ರಕಟಿಸಿದರು. ಅದರಲ್ಲಿ ಮಂತ್ರತಂತ್ರ ಬಹಳ ಕಡಿಮೆ, ಕೈಕೆಲಸ ಹೆಚ್ಚು. ಕೊರಳೆಲುಬು ಮುರಿದವನನ್ನು ಅಂಗಾತ ಮಲಗಿಸಿ, ಬೆನ್ನ ಹಲಗೆಗಳ ನಡುವೆ ಮಡಿಸಿದ ಬಟ್ಟೆಯಂಥದ್ದನ್ನು ಇಟ್ಟು, ಎರಡೂ ಭುಜಗಳನ್ನು ಹಿಂದಕ್ಕೆ ಅಗಲಿಸಿ, ಮೂಳೆ ತನ್ನ ಜಾಗಕ್ಕೆ ಬಂದ ಮೇಲೆ ನಾರುಬಟ್ಟೆಯ ಆಸರೆ ಕೊಟ್ಟು ಕಟ್ಟಬೇಕೆಂದು ಅದು ಹೇಳುತ್ತದೆ. ಇವತ್ತಿನ ಮೂಳೆ ವೈದ್ಯರಿಗೂ ಇದರಲ್ಲಿ ತಿದ್ದಲು ಹೆಚ್ಚೇನೂ ಸಿಗಲಾರದು.

ತಪ್ಪಿದ ಭುಜದ ಕಥೆ ಇನ್ನೂ ರೋಚಕ. ಗ್ರೀಸಿನ ಹಿಪೊಕ್ರೆಟಿಸ್ ಹೆಸರಿನಲ್ಲಿರುವ ಕೀಲುಗಳ ಗ್ರಂಥ ಅದನ್ನು ಕೂರಿಸಲು ಅನೇಕ ಉಪಾಯಗಳನ್ನು ವಿವರಿಸುತ್ತದೆ. ರೋಗಿಯನ್ನು ನೆಲಕ್ಕೆ ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆಯುವುದು ಒಂದು. ಏಣಿಯ ಮೆಟ್ಟಿಲ ಮೇಲಿಂದ ತೋಳು ಇಳಿಬಿಡಿಸುವುದು ಇನ್ನೊಂದು. ಮೆತ್ತನೆಯ ಬಟ್ಟೆ ಸುತ್ತಿದ ಒನಕೆಯನ್ನು ಕಂಕುಳಿಗೆ ಕೊಟ್ಟು ಎತ್ತುವುದು ಮತ್ತೊಂದು. ಮತ್ತೆ ಮತ್ತೆ ಭುಜ ತಪ್ಪುವವರಿಗೆ ಕಂಕುಳ ಚರ್ಮವನ್ನು ಕಾದ ಕಬ್ಬಿಣದಿಂದ ಸುಡುವ ಸಲಹೆಯೂ ಅಲ್ಲಿದೆ: ಸುಟ್ಟ ಗಾಯ ಮಾಯುವಾಗ ಬಿಗಿದುಕೊಂಡು ಕೀಲನ್ನು ತಡೆದು ನಿಲ್ಲಿಸಲಿ ಎಂಬುದು ಲೆಕ್ಕಾಚಾರ.

ಒನಕೆ ಭಾರತದಲ್ಲೂ ಕಾಣಿಸಿಕೊಳ್ಳುತ್ತದೆ. ಭುಜಸಂಧಿ ಕಳಚಿದರೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ, ಕೀಲು ಕೂತ ಮೇಲೆ ಸ್ವಸ್ತಿಕ ಬಂಧ, ಅಂದರೆ ಅಡ್ಡಡ್ಡ ಹಾಯುವ ಕಟ್ಟು, ಹಾಕಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಗ್ರೀಸಿನಿಂದ ಇಲ್ಲಿಗೆ ಬಂತೋ ಇಲ್ಲಿಂದ ಅಲ್ಲಿಗೆ ಹೋಯಿತೋ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ, ಎರಡೂ ಕಡೆಯ ಮನೆಗಳಲ್ಲಿ ಕೈಗೆ ಸುಲಭವಾಗಿ ಸಿಗುವ ಗಟ್ಟಿ ದುಂಡು ಕಟ್ಟಿಗೆ ಅದಾಗಿತ್ತು ಎಂದುಕೊಳ್ಳುವುದು ಮೇಲು. ಸುಶ್ರುತ ಸಂಹಿತೆಯ ನಿಜವಾದ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಸಡಿಲ ಕಟ್ಟಿನಿಂದ ಕೀಲು ನಿಲ್ಲುವುದಿಲ್ಲ, ಅತಿ ಬಿಗಿ ಕಟ್ಟಿನಿಂದ ಚರ್ಮ ಬಾತು, ನೋವೆದ್ದು, ಕೀವಾಗುತ್ತದೆ ಎಂದು ಅದು ಸ್ಪಷ್ಟವಾಗಿ ಎಚ್ಚರಿಸುತ್ತದೆ. ತಂಪು ಋತುವಿನಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬಿಸಿಲುಗಾಲದಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಕಟ್ಟಬೇಕು. ಅಂಗೈ ಮುರಿದು ಕೂಡಿದ ಮೇಲೆ ರೋಗಿ ಮೊದಲು ಹಸಿಮಣ್ಣಿನ ಮುದ್ದೆ ಹಿಡಿಯಬೇಕು, ಆಮೇಲೆ ಉಪ್ಪಿನ ಗಡ್ಡೆ, ಕೈಗೆ ಬಲ ಬಂದ ಮೇಲೆ ಕಲ್ಲು. ಈಗ ಫಿಸಿಯೋಥೆರಪಿ ಕೋಣೆಯಲ್ಲಿ ರಬ್ಬರ್ ಚೆಂಡು ಹಿಸುಕಿಸುವುದರ ಹಿಂದಿನ ತತ್ವ ಇದೇ. ಅದೇ ಗ್ರಂಥ ದೇಹದಲ್ಲಿ 300 ಮೂಳೆಗಳೆಂದು ಎಣಿಸುತ್ತದೆ. ಹಲ್ಲು ಮತ್ತು ಮೃದ್ವಸ್ಥಿಗಳನ್ನೂ ಸೇರಿಸಿದ ಲೆಕ್ಕ ಅದು.

ಮೂಳೆಯನ್ನು ಕೈಯಿಂದ ಮುಟ್ಟಿ ತಿಳಿಯಬಹುದು. ನರವನ್ನು ಹಾಗೆ ತಿಳಿಯಲಾಗದು. ಎರಡನೆಯ ಶತಮಾನದ ರೋಮಿನಲ್ಲಿ ಪೌಸೇನಿಯಸ್ ಎಂಬ ವಿದ್ವಾಂಸನ ಕಿರುಬೆರಳು, ಉಂಗುರ ಬೆರಳು ಮತ್ತು ನಡುಬೆರಳಿನ ಅರ್ಧಭಾಗಕ್ಕೆ ಸ್ಪರ್ಶವೇ ಇಲ್ಲವಾಗಿತ್ತು. ಬೇರೆ ವೈದ್ಯರು ಬೆರಳಿಗೇ ಮದ್ದು ಹಚ್ಚುತ್ತಿದ್ದರು. ಗ್ಯಾಲೆನ್ ಮಾತ್ರ ಅವನ ಹಿಂದಿನ ಸಂಗತಿಗಳನ್ನು ಕೆದಕಿದ. ರಥದಿಂದ ಬಿದ್ದು ಬೆನ್ನ ಮೇಲ್ಭಾಗಕ್ಕೆ ಪೆಟ್ಟಾಗಿತ್ತೆಂದು ಗೊತ್ತಾಯಿತು. ಮದ್ದು ಬೆರಳಿನಿಂದ ಕತ್ತಿನ ಬುಡಕ್ಕೆ ಸ್ಥಳಾಂತರವಾಯಿತು, ರೋಗಿ ಗುಣವಾದ. ಯಾವ ಬೆರಳು ಜೋಮು ಹಿಡಿದಿದೆ ಎಂಬುದರಿಂದ ಯಾವ ನರಮೂಲಕ್ಕೆ ಪೆಟ್ಟಾಗಿದೆ ಎಂದು ಊಹಿಸುವ ವಿಧಾನದ ಮೊದಮೊದಲ ಉದಾಹರಣೆ ಇದು.

ಅಂಗರಚನಾಶಾಸ್ತ್ರ ಹೊಸದಾಗಿ ಹುಟ್ಟಿದಾಗ ಅದರ ಮುಖಚಿತ್ರವಾಗಿ ನಿಂತದ್ದು ಮುಂಗೈ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ತಮ್ಮ ಮಹಾಗ್ರಂಥದಲ್ಲಿ ಆಂಡ್ರಿಯಾಸ್ ವೆಸಾಲಿಯಸ್ ಚರ್ಮ ಬಿಡಿಸಿದ ತೋಳೊಂದನ್ನು ಹಿಡಿದುಕೊಂಡೇ ಓದುಗರತ್ತ ನೋಡುತ್ತಾರೆ. 1632ರಲ್ಲಿ ರೆಂಬ್ರಾಂಟ್ ಬಿಡಿಸಿದ ಡಾಕ್ಟರ್ ಟುಲ್ಪ್ ಅವರ ಚಿತ್ರದಲ್ಲೂ ಹಾಗೆಯೇ. ಗಲ್ಲಿಗೇರಿದ ಕಳ್ಳನೊಬ್ಬನ ಎಡ ಮುಂಗೈಯ ಸ್ನಾಯುಗಳನ್ನು ಚಿಮಟದಿಂದ ಎತ್ತಿ, ತಮ್ಮದೇ ಇನ್ನೊಂದು ಕೈಯ ಬೆರಳು ಬಾಗಿಸಿ, ಆ ಸ್ನಾಯು ಏನು ಮಾಡುತ್ತದೆಂದು ಟುಲ್ಪ್ ತೋರಿಸುತ್ತಿದ್ದಾರೆ. ಚಿತ್ರದ ಸ್ನಾಯುಗಳು ಸರಿಯಾಗಿವೆಯೇ ಎಂದು ಶಸ್ತ್ರವೈದ್ಯರು ಇಂದಿಗೂ ವಾದಿಸುತ್ತಾರೆ. ಕಲಾವಿದನ ವಯಸ್ಸು ಆಗ ಇಪ್ಪತ್ತೈದು ಎಂಬುದನ್ನು ನೆನೆದರೆ ವಾದ ಸ್ವಲ್ಪ ತಣ್ಣಗಾಗಬಹುದು.

ಮಣಿಕಟ್ಟಿನ ಮುರಿತಕ್ಕೆ ಹೆಸರು ತಂದುಕೊಟ್ಟ ಊರು ಡಬ್ಲಿನ್. ಅಲ್ಲಿನ ಶಸ್ತ್ರವೈದ್ಯ ಏಬ್ರಹಾಂ ಕೊಲ್ಲೆಸ್ 1814ರಲ್ಲಿ ಎಡಿನ್‌ಬರೋದ ವೈದ್ಯಕೀಯ ಪತ್ರಿಕೆಗೆ ಒಂದು ಪುಟ್ಟ ಲೇಖನ ಬರೆದರು. ಅಂಗೈ ಊರಿ ಬಿದ್ದ ಮೇಲೆ ಮಣಿಕಟ್ಟು ಹಿಂದಕ್ಕೆ ಡೊಂಕಾದರೆ ಆ ಕಾಲದ ವೈದ್ಯರು ಅದನ್ನು ಉಳುಕು ಎನ್ನುತ್ತಿದ್ದರು, ಇಲ್ಲವೇ ಕೀಲು ತಪ್ಪಿದೆ ಎನ್ನುತ್ತಿದ್ದರು. ಅದು ರೇಡಿಯಸ್ ಮೂಳೆಯ ಮುರಿತ, ಮುರಿದಿರುವುದು ಕೀಲಿಗಿಂತ ಸುಮಾರು ಒಂದೂವರೆ ಇಂಚು ಮೇಲೆ ಎಂದರು ಕೊಲ್ಲೆಸ್. ಅವರ ಬಳಿ ಎಕ್ಸ್‌ರೇ ಇರಲಿಲ್ಲ. ಈ ಮುರಿತವಿದ್ದ ಶವವೂ ಕೊಯ್ದು ನೋಡಲು ಸಿಕ್ಕಿರಲಿಲ್ಲ. ಇದ್ದದ್ದು ಎರಡು ಕೈ, ಎಳೆದಾಗ ನೇರವಾಗಿ, ಬಿಟ್ಟಾಗ ಮತ್ತೆ ಡೊಂಕಾಗುವ ಮೂಳೆ. ಫ್ರಾನ್ಸಿನ ಲಿಯೋನ್ ನಗರದ ಕ್ಲೋದ್ ಪೂತೋ ಇದೇ ಮಾತನ್ನು ಮೊದಲೇ ಹೇಳಿದ್ದರು, ಅವರು ತೀರಿಕೊಂಡ ಮೇಲೆ 1783ರಲ್ಲಿ ಅದು ಅಚ್ಚಾಗಿಯೂ ಇತ್ತು. ಹೀಗಾಗಿ ಫ್ರೆಂಚರು ಈ ಮುರಿತಕ್ಕೆ ಎರಡೂ ಹೆಸರು ಸೇರಿಸುತ್ತಾರೆ. 1843ರಲ್ಲಿ ಕೊಲ್ಲೆಸ್ ತೀರಿಕೊಂಡಾಗ ಅವರ ಕೋರಿಕೆಯಂತೆ ಶವಪರೀಕ್ಷೆ ಮಾಡಿದವರು ರಾಬರ್ಟ್ ಸ್ಮಿತ್. ನಾಲ್ಕು ವರ್ಷದ ನಂತರ, ಮೂಳೆ ಹಿಂದಕ್ಕಲ್ಲದೆ ಮುಂದಕ್ಕೆ ಸರಿಯುವ ತಿರುಗುಮುರುಗು ಮುರಿತವನ್ನು ಬಣ್ಣಿಸಿ ಅವರೂ ಪಠ್ಯಪುಸ್ತಕ ಸೇರಿದರು. ಹೆಬ್ಬೆರಳ ಬುಡದ ಮುರಿತಕ್ಕೆ 1882ರಲ್ಲಿ ಹೆಸರು ಕೊಟ್ಟ ಬೆನೆಟ್ ಕೂಡ ಡಬ್ಲಿನ್‌ನವರೇ.

ಮುರಿದದ್ದು ಗೊತ್ತಾದ ಮೇಲೆ ಹಿಡಿದಿಡುವುದು ಹೇಗೆ? ಡಚ್ ಸೇನಾವೈದ್ಯ ಆಂಟೋನಿಯಸ್ ಮಾಥೈಸನ್ 1851ರಲ್ಲಿ ಹತ್ತಿ ಪಟ್ಟಿಗೆ ಒಣ ಜಿಪ್ಸಂ ಪುಡಿ ಉಜ್ಜಿ, ನೀರು ತಾಕಿಸಿ ಸುತ್ತಿದರು. ನಿಮಿಷಗಳಲ್ಲಿ ಕಲ್ಲಿನಂತಾಗುವ ಈ ಪ್ಲಾಸ್ಟರ್ ಕಟ್ಟು ಯುದ್ಧಭೂಮಿಗಳಿಂದ ಊರಿನ ಆಸ್ಪತ್ರೆಗಳಿಗೆ ಬೇಗ ಹಬ್ಬಿತು, ಜೊತೆಗೆ ಬಿಗಿ ಕಟ್ಟಿನ ಅಪಾಯವೂ ಹಬ್ಬಿತು. ಮಕ್ಕಳ ಮೊಣಕೈ ಮೇಲಿನ ಮುರಿತದಲ್ಲಿ ಊತ ಏರುತ್ತಿದ್ದರೆ ಕಟ್ಟು ಹಿಗ್ಗುವುದಿಲ್ಲ. ರಕ್ತ ಹರಿಯದೆ ಮುಂಗೈ ಸ್ನಾಯು ಸತ್ತು, ಬೆರಳುಗಳು ಪಂಜದಂತೆ ಮುದುಡಿ ಹಾಗೇ ಉಳಿಯುತ್ತವೆ. ಇದು ನರದ ದೋಷವಲ್ಲ, ರಕ್ತ ಸಿಗದ ಸ್ನಾಯುವಿನ ಸಾವು ಎಂದು 1881ರಲ್ಲಿ ವಿವರಿಸಿದವರು ಜರ್ಮನಿಯ ಹಾಲೆ ನಗರದ ರಿಚರ್ಡ್ ಫಾನ್ ಫೋಕ್‌ಮನ್. ಬೇರೊಂದು ಹೆಸರಿನಲ್ಲಿ ಮಕ್ಕಳ ಕಥೆ ಬರೆದು ಜನಪ್ರಿಯರಾಗಿದ್ದ ವೈದ್ಯ. ನಾಟಿ ವೈದ್ಯರು ಮುರಿದ ಮೂಳೆಗೆ ಹಾಕುವ ‘ಪುತ್ತೂರು ಕಟ್ಟಿ’ನ ಫಲಕಗಳು ಬೆಂಗಳೂರಿನ ರಸ್ತೆಗಳಲ್ಲಿ ಇವತ್ತೂ ಕಾಣುತ್ತವೆ. ಅದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ್ದು. ನಾಟಿ ಕಟ್ಟಾಗಲಿ ಆಸ್ಪತ್ರೆಯ ಪ್ಲಾಸ್ಟರಾಗಲಿ, ಕಟ್ಟಿದ ಮೇಲೆ ನೋವು ಇಳಿಯದೆ ಏರುತ್ತಿದ್ದರೆ, ಬೆರಳು ನೇರ ಮಾಡಿದಾಗ ಮಗು ಚೀರಿದರೆ, ಬೆಳಗಾಗುವವರೆಗೆ ಕಾಯದೆ ಕಟ್ಟು ಬಿಚ್ಚಿಸಬೇಕು.

ಎಕ್ಸ್‌ರೇ ಕಂಡುಹಿಡಿದ ರಾಂಟ್ಜನ್ 1895ರ ಡಿಸೆಂಬರ್ 22ರಂದು ಆ ಕಿರಣಗಳಿಂದ ತಮ್ಮ ಹೆಂಡತಿಯ ಕೈಯ ಚಿತ್ರ ತೆಗೆದರು. ಉಂಗುರ ತೊಟ್ಟ ಬೆರಳಿನ ಮೂಳೆಗಳ ಆ ಚಿತ್ರ ಜಗತ್ತಿಗೆಲ್ಲ ಗೊತ್ತು. ಆರೇ ವಾರಗಳಲ್ಲಿ, 1896ರ ಫೆಬ್ರವರಿ 3ರಂದು, ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಹಿಮದ ಮೇಲೆ ಜಾರಿಬಿದ್ದ 14 ವರ್ಷದ ಹುಡುಗನ ಮುಂಗೈ ಮುರಿತದ ಎಕ್ಸ್‌ರೇ ತೆಗೆಯಲಾಯಿತು. ಅಲ್ಲಿಂದ ಮುಂದೆ ‘ಉಳುಕು’ ಎಂದು ಎಣ್ಣೆ ತಿಕ್ಕಿಸಿಕೊಂಡ ಎಷ್ಟೋ ಕೈಗಳ ಗುಟ್ಟು ಹೊರಬಿತ್ತು. ಆದರೂ ಒಂದು ಮೂಳೆ ಇಂದಿಗೂ ಕಣ್ಣು ತಪ್ಪಿಸುತ್ತದೆ. ಹೆಬ್ಬೆರಳನ್ನು ಹಿಂದಕ್ಕೆ ಚಾಚಿದಾಗ ಬುಡದಲ್ಲಿ ಬೀಳುವ ಗುಳಿಯ ತಳದಲ್ಲಿರುವ ಸ್ಕೇಫಾಯ್ಡ್ ಬಿರಿದರೂ ಮೊದಲ ಎಕ್ಸ್‌ರೇಯಲ್ಲಿ ಕಾಣದಿರಬಹುದು. ಅದಕ್ಕೆ ರಕ್ತ ಬಹುಪಾಲು ಬೆರಳಿನ ಕಡೆಯ ತುದಿಯಿಂದ ಒಳಬರುವುದರಿಂದ, ನಡುವೆ ಮುರಿದರೆ ಮುಂಗೈ ಕಡೆಯ ತುಂಡು ರಕ್ತವಿಲ್ಲದೆ ಸಾಯುವ ಭಯವಿದೆ. ಆ ಗುಳಿಯನ್ನು ಒತ್ತಿದಾಗ ನೋವಾದರೆ ಚಿತ್ರ ಏನೇ ಹೇಳಲಿ, ಮುರಿದಿದೆ ಎಂದೇ ಭಾವಿಸಿ ಕಟ್ಟುಹಾಕಿ, ಮತ್ತೊಮ್ಮೆ ನೋಡುವುದು ವಾಡಿಕೆ.

ಬೀಳದೆಯೂ ತೋಳು ಕೆಡುತ್ತದೆ. ಭುಜದ ಗುಂಡಿಯೊಳಗೆ ಮೂಳೆಯನ್ನು ಹಿಡಿದಿಡುವ ನಾಲ್ಕು ಸ್ನಾಯುಗಳ ರೊಟೇಟರ್ ಕಫ್ ವೇಗದ ಬೌಲರುಗಳ ಶಾಪ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಅದರ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಮೈದಾನದಿಂದ ದೂರ ಉಳಿದರು. ಸ್ಪಿನ್ ಬೌಲರೂ ಪಾರಾಗಲಿಲ್ಲ: ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಅನಿಲ್ ಕುಂಬ್ಳೆಗೆ 2001ರ ಆಸ್ಟ್ರೇಲಿಯಾ ವಿರುದ್ಧದ ತವರು ಸರಣಿ ತಪ್ಪಿತು, ಆ ಸರಣಿಯಲ್ಲಿ ಹರ್ಭಜನ್ ಸಿಂಗ್ 32 ವಿಕೆಟ್ ಕಿತ್ತರು. ಸಚಿನ್ ತೆಂಡೂಲ್ಕರ್ ಅವರಿಂದಾಗಿ 2004ರಲ್ಲಿ ದೇಶದ ಮನೆಮನೆಗೂ ಗೊತ್ತಾದ ‘ಟೆನಿಸ್ ಎಲ್ಬೋ’ ಎಂಬ ಮೊಣಕೈ ನೋವನ್ನು ಜರ್ಮನಿಯ ರುಂಗೆ 1873ರಲ್ಲಿ ಮೊದಲು ಬಣ್ಣಿಸಿದ್ದು ಬರೆದು ಬರೆದು ಕೈನೋವು ಬಂದವರಲ್ಲಿ. ಬಟ್ಟೆ ಹಿಂಡುವವರಿಗೂ ಗಾರೆ ಕೆಲಸದವರಿಗೂ ಅದು ಬರುತ್ತದೆ, ಹೆಸರು ಮಾತ್ರ ರಾಕೆಟ್ ಹಿಡಿದವರ ಪಾಲಾಯಿತು.

ಕಟ್ಟುವುದೋ ಆಡಿಸುವುದೋ ಎಂಬ ಜಗಳ ಬೆರಳಿನ ಸ್ನಾಯುರಜ್ಜುಗಳಲ್ಲಿ ತಾರಕಕ್ಕೇರಿತು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ದೀರ್ಘ, ಅಖಂಡ ವಿಶ್ರಾಂತಿಯ ಪ್ರತಿಪಾದಕ. ಪ್ಯಾರಿಸಿನ ಲೂಕಾ ಶಾಂಪಿಯೊನ್ಯೇರ್ ಮುರಿದ ಕೈಯನ್ನೂ ಬೇಗ ಆಡಿಸಿ, ನೀವಿ ಎಂದರು. ಬೆರಳ ಬುಡದ ಕಿರಿದಾದ ಕೊಳವೆಯೊಳಗೆ ರಜ್ಜು ತುಂಡಾದರೆ ಹೊಲಿದರೂ ಅಂಟಿಕೊಂಡು ಬೆರಳು ಮರಗಟ್ಟುತ್ತಿದ್ದುದರಿಂದ, ಅಮೆರಿಕದ ಸ್ಟರ್ಲಿಂಗ್ ಬನ್ನೆಲ್ ಆ ಜಾಗಕ್ಕೆ ಕೈಹಾಕಲೇಬಾರದು ಎಂದಿದ್ದರು. 1960ರ ದಶಕದಲ್ಲಿ ಲೂಯಿವಿಲ್‌ನ ಹೆರಾಲ್ಡ್ ಕ್ಲೈನರ್ಟ್ ಅಲ್ಲಿಯೇ ಹೊಲಿದು, ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಮೊದಲ ದಿನಗಳಿಂದಲೇ ಬೆರಳಾಡಿಸಿ ತೋರಿಸಿದಾಗ ಸಹೋದ್ಯೋಗಿಗಳು ನಂಬಲಿಲ್ಲ; ಆಮೇಲೆ ಎಲ್ಲರೂ ಅದನ್ನೇ ಮಾಡಿದರು.

ಕೈ ಶಸ್ತ್ರಚಿಕಿತ್ಸೆಗೆ ದಕ್ಷಿಣ ಭಾರತದ ಕೊಡುಗೆ ಬಂದದ್ದು ಕುಷ್ಠರೋಗಿಗಳಿಂದ. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಪಾಲ್ ಬ್ರಾಂಡ್, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ 1940ರ ದಶಕದ ಕೊನೆಗೆ, ನರ ಸತ್ತು ಮುದುಡಿದ ಬೆರಳುಗಳಿಗೆ ಕೈಯ ಬಲವಿರುವ ಸ್ನಾಯುವಿನ ರಜ್ಜುವನ್ನು ತಿರುಗಿಸಿ ಜೋಡಿಸಿದರು. ರೋಗಿಗಳ ಬೆರಳು ಉದುರುವುದು ರೋಗದಿಂದಲ್ಲ, ನೋವೇ ತಿಳಿಯದ ಕೈಗೆ ದಿನವೂ ಆಗುವ ಸುಟ್ಟಗಾಯ, ಒತ್ತುಗಾಯಗಳಿಂದ ಎಂಬುದೂ ಅವರು ಕಂಡುಕೊಂಡದ್ದೇ. ಮುಂದೆ ಕಳೆದುಹೋದ ಕೈಯನ್ನೇ ಮರಳಿ ಕೊಡುವ ಕಾಲವೂ ಬಂತು: 1962ರಲ್ಲಿ ರೈಲಿಗೆ ಸಿಕ್ಕು ತುಂಡಾದ ಬಾಲಕನ ತೋಳನ್ನು ಬಾಸ್ಟನ್ನಿನಲ್ಲಿ ಮತ್ತೆ ಜೋಡಿಸಲಾಯಿತು, 1998ರಲ್ಲಿ ಲಿಯೋನ್‌ನಲ್ಲಿ ಬೇರೊಬ್ಬರ ಕೈಯನ್ನು ಕಸಿ ಮಾಡಲಾಯಿತು, 2015ರಲ್ಲಿ ಕೊಚ್ಚಿಯಲ್ಲಿ ಭಾರತದ ಮೊದಲ ಜೋಡಿ ಕೈ ಕಸಿ ನಡೆಯಿತು.

ಇಷ್ಟೆಲ್ಲ ಆದರೂ ಮಣಿಕಟ್ಟಿನ ಸಾಧಾರಣ ಮುರಿತದ ಚರ್ಚೆ ನಿಂತಿಲ್ಲ. ಈ ಶತಮಾನದ ಆರಂಭದಲ್ಲಿ ಲೋಹದ ಪಟ್ಟಿ ಮತ್ತು ಸ್ಕ್ರೂಗಳು ಎಲ್ಲೆಡೆ ಬಂದವು. ಬ್ರಿಟನ್ನಿನಲ್ಲಿ 461 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ದುಬಾರಿ ಲೋಹದ ಪಟ್ಟಿ ಹಾಕಿಸಿಕೊಂಡವರಿಗೂ ಮೂಳೆ ಹಿಡಿದಿಡಲು ಅಗ್ಗದ ತಂತಿ ಚುಚ್ಚಿಸಿಕೊಂಡವರಿಗೂ ವರ್ಷದ ಕೊನೆಗೆ ಕೈ ಬಳಕೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2022ರ ಇನ್ನೊಂದು ಪರೀಕ್ಷೆ 500 ಜನರಲ್ಲಿ ತಂತಿಯನ್ನು ಬರಿಯ ಪ್ಲಾಸ್ಟರಿನ ಜೊತೆ ಹೋಲಿಸಿತು. ವರ್ಷದ ಕೊನೆಗೆ ಅಲ್ಲಿಯೂ ಎರಡು ಗುಂಪು ಸಮಸಮ. ಆದರೆ ಪ್ಲಾಸ್ಟರ್ ಹಾಕಿಸಿಕೊಂಡ ಎಂಟು ಜನರಲ್ಲಿ ಸುಮಾರು ಒಬ್ಬರಿಗೆ ಮೂಳೆ ಜರುಗಿ, ಮೊದಲ ಆರು ವಾರಗಳೊಳಗೇ ಶಸ್ತ್ರಚಿಕಿತ್ಸೆ ಬೇಕಾಯಿತು. ಡೊಂಕು ಉಳಿದರೂ ಕೈ ಕ್ರಮೇಣ ನೋವಿಲ್ಲದೆ ಆಡುತ್ತದೆ ಎಂದು ಕೊಲ್ಲೆಸ್ 1814ರಲ್ಲೇ ಬರೆದಿದ್ದರು. ಯಾರ ಕೈಗೆ ಆ ಮಾತು ಒಪ್ಪುತ್ತದೆ, ಯಾರ ಮೂಳೆ ಜರುಗುತ್ತದೆ ಎಂದು ಮೊದಲ ದಿನವೇ ಆರಿಸುವುದು ಹೇಗೆಂಬುದರ ಮೇಲೆ ಈಗಿನ ಸಂಶೋಧನೆ ನಡೆದಿದೆ.